ಸಂತೆ ದಿನದ ಮಾತ್ರೆ

ನಾನು ನಿವೃತ್ತಳಾದ ಮೇಲೆ ಮನೆಗೆ ಬಂದು ಹೋಗುವ ಹೊಸ ಡಾಕ್ಟರುಗಳು, ನರ್ಸಿಂಗ್ ಮುಗಿಸಿದ ಹುಡುಗಿಯರು ಕಾಫಿ ಲೋಟ ಕೈಗೆತ್ತಿಕೊಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಮೇಡಂ, ಇಷ್ಟು ವರ್ಷ ಈ ಕಡೆಯೇ ಇದ್ರಲ್ಲ, ಬೇಜಾರಾಗ್ಲಿಲ್ವಾ?" ಬೇಜಾರು ಮಾಡಿಕೊಳ್ಳಲು ಪುರುಸೊತ್ತಾದರೂ ಎಲ್ಲಿತ್ತು? ಪಾಂಡವಪುರದ ಹತ್ತಿರ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ನಾನು ಫಿಜಿಶಿಯನ್. ವಾರದಲ್ಲಿ ಕೆಲವು ದಿನ ಅಲ್ಲಿ ಕೂರುವುದು. ಉಳಿದ ದಿನ ಜೀಪು ಹತ್ತಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ನಾವು ತೆರೆದಿದ್ದ ಕ್ಲಿನಿಕ್ಕುಗಳಿಗೆ ಓಡುವುದು. ಯಾವ ವರ್ಷ ನನಗೆ ಯಾವ ಹುದ್ದೆ ಬಂತು ಎಂದು ಬರೆಯಲು ಹೊರಟರೆ ನನಗೇ ಆಕಳಿಕೆ ಬರುತ್ತದೆ. ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಕೈ ಊದಿದರೂ "ಗೆಣ್ಣು ಹಿಡ್ದು ನೋಡೋ ಡಾಕ್ಟ್ರಮ್ಮನ ತಾವ ಹೋಗು" ಅನ್ನುತ್ತಿದ್ದರು. ನನಗೆ ಸಿಕ್ಕ ಪ್ರಮೋಷನ್ ಅದೊಂದೇ ಎಂದು ಇಟ್ಟುಕೊಳ್ಳಿ. ಅದರ ಬಗ್ಗೆ ನನಗೆ ಜಂಬ ಇದೆ, ಅದನ್ನು ಮುಚ್ಚಿಡುವ ಸ್ವಭಾವ ನನ್ನದಲ್ಲ.

ಮೊದಲು ರೋಗದ ಮಾತು. ಕಾಲಿಗೆ ಮುಳ್ಳು ಹೊಕ್ಕರೆ ಸುತ್ತಲೂ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಇದೇ ಉರಿಯೂತ. ಅದು ಮೈ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡಿರುವ ಏರ್ಪಾಡು, ಮುಳ್ಳು ತೆಗೆದ ಮೇಲೆ ಇಳಿದುಹೋಗುತ್ತದೆ. ಆಟೋ ಇಮ್ಯೂನ್ ಕಾಯಿಲೆಗಳಲ್ಲಿ ಮುಳ್ಳೇ ಇರುವುದಿಲ್ಲ. ಮೈ ಕಾಯಬೇಕಾದ ಕಣಗಳು ಮೈಯನ್ನೇ ಹೊರಗಿನದೆಂದು ತಿಳಿದು ಮೇಲೆ ಬೀಳುತ್ತವೆ. ಹೀಗೆ ಹತ್ತಿದ ಉರಿಯೂತ ತಾನಾಗಿ ಇಳಿಯುವುದು ಅಪರೂಪ. ಕೀಲಿನ ಒಳಪೊರೆಯಲ್ಲಿ ಹತ್ತಿದರೆ ಅದು ರುಮಟಾಯ್ಡ್ ಕೀಲುವಾತ. ಮೊದಲು ಪೊರೆ ಊದುತ್ತದೆ, ಆಮೇಲೆ ಮೂಳೆ ಸವೆಯಲು ಶುರುವಾಗುತ್ತದೆ. ಊತವನ್ನು ಔಷಧಿಯಿಂದ ಇಳಿಸಬಹುದು, ಸವೆದ ಮೂಳೆಯನ್ನು ತಂದು ತುಂಬಲು ನಮ್ಮಿಂದ ಆಗುವುದಿಲ್ಲ. ಎಷ್ಟು ಬೇಗ ಕಂಡುಹಿಡಿದೆವು ಎನ್ನುವುದೇ ಮುಖ್ಯ.

ಇದನ್ನು ರೋಗಿಗೆ ಹೇಳುವುದು ಹೇಗೆ? ನಾಲೆ ಬಯಲಿನ ಅರಕೆರೆಯವರಿಗೆ ಸುಲಭವಾಗಿತ್ತು. ಪೈರಿಗೆ ನೀರು ಬೇಕೆಂದು ತೂಬು ತೆಗೆದವರು ಮುಚ್ಚುವುದನ್ನು ಮರೆತರೆ ಗದ್ದೆ ಏನಾಗುತ್ತದೆ ಎಂದು ಕೇಳಿದರೆ ಸಾಕು, "ಕೊಳ್ತೋಯ್ತದೆ ಬುಡಿ" ಎಂದು ತಲೆಯಾಡಿಸುತ್ತಿದ್ದರು. ಅದೇ ಕಥೆಯನ್ನು ನಾಗಮಂಗಲದ ಕ್ಲಿನಿಕ್ಕಿನಲ್ಲಿ ಬಿಂಡಿಗನವಿಲೆಯ ಕುರಿಗಾಹಿ ನಿಂಗಯ್ಯನಿಗೆ ಹೇಳಿ ಬೈಸಿಕೊಂಡೆ. "ನಾಲೆ ಕಡೆಯೋರ ಕತೆ ನಮಗ್ಯಾಕವ್ವ ಯೋಳ್ತೀಯೆ? ನಮ್ಮೂರ್ಗೆ ಮಳೆ ಉಯ್ದ್ರೇ ಉಂಟು. ತೂಬಂತೆ ತೂಬು!"

ನಾನೂ ಬಿಡಲಿಲ್ಲ. "ಹೋಗ್ಲಿ, ಮಂದೆ ಕಾಯೋ ನಾಯಿ ತಿರುಗಿ ನಿನ್ನ ಕುರೀನೇ ಕಚ್ಚಿದ್ರೆ ಏನ್ ಮಾಡ್ತೀಯ?" ಎಂದೆ.

"ಬಡ್ದು ಸಾಯ್ಸ್‌ಬುಡ್ತೀನಿ."

"ಸಾಯಿಸಿದ ಮೇಲೆ ತೋಳ ಬಂದ್ರೆ?"

ನಿಂಗಯ್ಯ ಗಡ್ಡ ಕೆರೆದುಕೊಂಡು ಯೋಚಿಸಿದ. "ಅಂಗಾರೆ ಕಟ್ಟಾಕ್ಬೇಕು ಕಣವ್ವ. ಕುರಿ ಕಚ್ಬಾರ್ದು, ತೋಳ ಬಂದ್ರೆ ಬೊಗುಳ್ದೆನೂ ಇರ್ಬಾರ್ದು."

ನಮ್ಮ ಚಿಕಿತ್ಸೆಯೂ ಅಷ್ಟೇ. ರೋಗನಿರೋಧಕ ಶಕ್ತಿಯನ್ನು ಪೂರ್ತಿ ಹೊಡೆದು ಹಾಕಿದರೆ ಸಣ್ಣ ಸೋಂಕೂ ಪ್ರಾಣ ತೆಗೆಯಬಹುದು. ಹಾಗೇ ಬಿಟ್ಟರೆ ಕೀಲು ಹೋಗುತ್ತದೆ. ಹದ ನೋಡಿ ಕಟ್ಟಿಹಾಕುವುದೇ ಕೆಲಸ. ಅಂದಿನಿಂದ ನೀರಾವರಿ ಊರಿಗೆ ತೂಬು, ಮಳೆಯಾಶ್ರಯದ ಊರಿಗೆ ನಾಯಿ ಎಂದು ಹಂಚಿಕೊಂಡುಬಿಟ್ಟೆ. ನೀವೂ ಕ್ಲಿನಿಕ್ಕಿಗೆ ಹೋಗುವ ಮೊದಲು ಆ ಊರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡು ಹೋಗಿ.

ಗೆಣ್ಣು ಹಿಡಿದು ನೋಡುವುದನ್ನು ಕಲಿಸಿದವರು ನಮ್ಮ ದೊಡ್ಡ ಡಾಕ್ಟರು. ಆಸ್ಪತ್ರೆಯ ಮುಖ್ಯಸ್ಥರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಸಿಡುಕು ಮೂತಿಯ ಮನುಷ್ಯ, ಹೊಗಳಿದ್ದನ್ನು ನಾನು ಕೇಳಿಲ್ಲ. ಲ್ಯಾಬಿನ ರಿಪೋರ್ಟು ಬಂದರೆ ಮೇಜಿನ ಮೇಲೆ ಮಗುಚಿ ಹಾಕಿ ಅದರ ಮೇಲೆ ತಮ್ಮ ಕನ್ನಡಕದ ಪೆಟ್ಟಿಗೆ ಇಡುತ್ತಿದ್ದರು. ರೋಗಿಯ ಎರಡು ಕೈಯನ್ನೂ ಮುಟ್ಟಿ ಒತ್ತಿ ನೋಡುವ ತನಕ ಅದನ್ನು ಯಾರೂ ಓದುವ ಹಾಗಿಲ್ಲ. ನಾನು ಸೇರಿದ ಹೊಸದರಲ್ಲಿ ಕೆ.ಆರ್. ಪೇಟೆಯ ಒಬ್ಬ ಸ್ಕೂಲ್ ಮೇಡಮ್ಮಿಗೆ ರಿಪೋರ್ಟು ನಾರ್ಮಲ್ ಇದೆ, ಹೋಗಿ ಬನ್ನಿ ಎನ್ನುವುದರಲ್ಲಿದ್ದೆ. ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು, "ಏನಮ್ಮಾ, ನೋಯ್ತಿರೋದು ಕಾಗದಕ್ಕೋ ಆ ಯಮ್ಮನಿಗೋ?" ಎಂದರು. ಒಳಗೆ ಬಂದು ಆಕೆಯ ಅಂಗೈಯನ್ನು ಅಡ್ಡಲಾಗಿ ಹಿಡಿದು, ಬೆರಳ ಬುಡದ ಗೆಣ್ಣುಗಳನ್ನು ಮೆತ್ತಗೆ ಅದುಮಿದರು. ಆಕೆ ಕುರ್ಚಿಯಿಂದ ಎದ್ದುಬಿಟ್ಟರು. ನನ್ನ ಕೈಯನ್ನೂ ಅಲ್ಲಿ ಇಡಿಸಿದರು. ನಾದಿದ ಹಿಟ್ಟಿನ ಹಾಗೆ ಮೆತ್ತಗಿನ ಊತ, ಒಳಗೆ ಬೆಚ್ಚಗೆ. ವಯಸ್ಸಾಗಿ ಸವೆದ ಕೀಲು ಮುಟ್ಟಿದರೆ ಗಟ್ಟಿ, ಉರಿಯೂತದ ಕೀಲು ಮುಟ್ಟಿದರೆ ಮೆತ್ತಗೆ. ಇದನ್ನು ನಾನು ಅಲ್ಲಿಂದೀಚೆಗೆ ಮರೆತಿಲ್ಲ.

ಆಗ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಉದ್ದನೆಯ ಗಾಜಿನ ಕೊಳವೆಗಳ ಒಂದು ಸ್ಟ್ಯಾಂಡು. ರಕ್ತ ತುಂಬಿ ನೆಟ್ಟಗೆ ನಿಲ್ಲಿಸಿ, ಕೆಂಪು ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂದು ನೋಡುವುದು. ಮೈಯಲ್ಲಿ ಉರಿಯೂತ ಇದ್ದರೆ ಬೇಗ ಇಳಿಯುತ್ತದೆ. ಈಗ ಸಿ.ಆರ್.ಪಿ., ಆ್ಯಂಟಿ ಸಿ.ಸಿ.ಪಿ. ಎಂಬ ರಕ್ತ ಪರೀಕ್ಷೆಗಳಿವೆ, ಕೀಲಿನ ಸ್ಕ್ಯಾನು ಇದೆ. ಔಷಧಿ ಕೊಡುವ ಕ್ರಮವೂ ತಿರುಗುಮುರುಗಾಯಿತು. ಹಿಂದೆ ನೋವಿನ ಮಾತ್ರೆ ಕೊಟ್ಟುಕೊಂಡು ಕಾದು, ಬೆರಳು ಸೊಟ್ಟಗಾದ ಮೇಲೆ ದೊಡ್ಡ ಔಷಧಿಗೆ ಕೈ ಹಾಕುತ್ತಿದ್ದರು. ಈಗ ಗೊತ್ತಾದ ಕೂಡಲೇ ಉರಿಯೂತವನ್ನೇ ಅಡಗಿಸುವ ಔಷಧಿ ಶುರು. ಈ ಬದಲಾವಣೆಯನ್ನು ನಮ್ಮ ಕಡೆ ತಂದವರಲ್ಲಿ ನಾನೂ ಒಬ್ಬಳು ಎನ್ನಲು ನನಗೆ ಸಂಕೋಚವಿಲ್ಲ.

ಒಂದು ಪೇಚಿನ ಸಂಗತಿ ಹೇಳಬೇಕು. ನಮ್ಮ ಜನಕ್ಕೆ ಪಥ್ಯ ಇಲ್ಲದ ಔಷಧಿ ಔಷಧಿಯೇ ಅಲ್ಲ. ಮಾತ್ರೆ ಬರೆದುಕೊಟ್ಟರೆ "ಪತ್ಯ ಏನವ್ವಾ?" ಎಂದು ಕಾಯುತ್ತಾರೆ. ನಾನು ಮೊದಮೊದಲು "ಏನೂ ಇಲ್ಲ, ಎಲ್ಲಾ ತಿನ್ನಿ" ಎನ್ನುತ್ತಿದ್ದೆ. ಅವರ ಮುಖ ಸಪ್ಪಗಾಗುತ್ತಿತ್ತು. ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡು, ಬದನೆಕಾಯಿ ನಂಜು, ಮೀನು ನಂಜು ಎಂದು ಪಟ್ಟಿ ಹೇಳುವ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದರು. ಆಮೇಲೆ ನಾನೂ ಗಂಭೀರವಾಗಿ ಪಥ್ಯ ಹೇಳಲು ಕಲಿತೆ. ಬೀಡಿ ಸೇದಕೂಡದು. ಮೆಡಿಕಲ್ ಸ್ಟೋರಿನವರು ಪೊಟ್ಟಣ ಕಟ್ಟಿ ಕೊಡುವ ನೋವಿನ ಮಾತ್ರೆ ನುಂಗಕೂಡದು. ಊದಿದ ಕೀಲಿಗೆ ಎಣ್ಣೆ ಹಾಕಿ ಜೋರಾಗಿ ತಿಕ್ಕಿಸಕೂಡದು. ಎಲ್ಲವೂ ನಿಜವಾಗಿ ಬೇಕಾದದ್ದೇ. ಪಥ್ಯ ಎಂದು ಹೇಳಿದ ಮೇಲೆ ಅವರು ಅದನ್ನು ಮೀರುತ್ತಿರಲಿಲ್ಲ. ನಿಂಗಯ್ಯ ಬೀಡಿ ಬಿಟ್ಟದ್ದೂ ಹಾಗೆಯೇ.

ಇನ್ನು ಸಂತೆಯ ವಿಷಯ. ಈ ಕಾಯಿಲೆಗೆ ನಾವು ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಅದು ವಿಷ. ಶುಗರಿಗೂ ಬಿ.ಪಿ.ಗೂ ದಿನಾ ಮಾತ್ರೆ ನುಂಗಿ ರೂಢಿಯಾದ ಜನಕ್ಕೆ ಇದು ತಲೆಗೆ ಹತ್ತುವುದಿಲ್ಲ. ಅದಕ್ಕೆ ದೊಡ್ಡ ಡಾಕ್ಟರು ನಾಗಮಂಗಲದ ಕಡೆ ಒಂದು ಉಪಾಯ ಮಾಡಿಟ್ಟಿದ್ದರು. ಮಾತ್ರೆಯನ್ನು ಸಂತೆ ದಿನ ತೆಗೆದುಕೊಳ್ಳುವುದು. ಅಲ್ಲಿಯವರು ಬೇರೆ ಏನು ಮರೆತರೂ ಸಂತೆ ಮರೆಯುವುದಿಲ್ಲ. ವರ್ಷಗಟ್ಟಲೆ ಒಬ್ಬರೂ ತಪ್ಪದೆ ಅದು ನಡೆದುಕೊಂಡು ಬಂತು. ಅದೇ ಪದ್ಧತಿ ನಮ್ಮ ಉಳಿದ ಕ್ಲಿನಿಕ್ಕುಗಳಿಗೂ ಹರಡಿತು. ಶ್ರೀರಂಗಪಟ್ಟಣದ ಕ್ಲಿನಿಕ್ಕಿಗೆ ಮಂಜುಳ ಬಂದದ್ದು ಆ ದಿನಗಳಲ್ಲಿ.

ಅವಳನ್ನು ಕರೆತಂದವಳು ಅತ್ತೆ ಪುಟ್ಟತಾಯಮ್ಮ. ಅರಕೆರೆಯ ಗಟ್ಟಿಗಿತ್ತಿ. ಮನೆಗೆ ಗದ್ದೆ ಇತ್ತು, ಕೊಟ್ಟಿಗೆಯಲ್ಲಿ ಸೀಮೆ ಹಸು ಇದ್ದವು, ಜೊತೆಗೆ ಹಿತ್ತಲ ತರಕಾರಿಯನ್ನು ಮಂಕರಿಯಲ್ಲಿ ತಾನೇ ಹೊತ್ತು ಮಾರುತ್ತಿದ್ದಳು. ಬಾಗಿಲಲ್ಲೇ ಶುರುಮಾಡಿದಳು.

"ಇವಳ್ನ ಒಸಿ ನೋಡ್ರವ್ವ. ವತ್ತಾರೆ ಅಸ ಕರಿ ಅಂದ್ರೆ ಕೈ ಮಡ್ಚಕಾಯ್ತಿಲ್ಲ ಅಂತಳೆ. ಬೈಗ್ಗೆ ಅದೇ ಅಸ, ಅದೇ ಕೈ, ನೊರೆ ಬರಂಗೆ ಕರೀತಳೆ. ಗಡಿಯಾರ ನೋಡ್ಕಂಡು ಬರೋ ರೋಗ ಎಲ್ಲಾರಾ ಉಂಟಾ? ನಾಟ್ಕ ಅಲ್ದೆ ಇನ್ನೇನು?"

ನನಗೆ ಎದ್ದು ಆ ಅತ್ತೆಯ ಕೈ ಹಿಡಿದುಕೊಳ್ಳಬೇಕು ಎನಿಸಿತು. ಬೈಯುವ ಭರದಲ್ಲಿ ಆಕೆ ರೋಗವನ್ನೇ ಹೇಳಿಬಿಟ್ಟಿದ್ದಳು. ರಾತ್ರಿಯೆಲ್ಲ ಆಡದೆ ಇದ್ದ ಕೀಲಿನಲ್ಲಿ ಉರಿಯೂತದ ನೀರು ಸೇರಿಕೊಂಡು ಬೆಳಿಗ್ಗೆ ಕೈ ಬಿಗಿಯುತ್ತದೆ. ಹೊತ್ತೇರಿದಂತೆ, ಕೈ ಆಡಿದಂತೆ ಸಡಿಲವಾಗುತ್ತದೆ. "ಇದೆ ಕಣವ್ವ. ಗಡಿಯಾರ ನೋಡ್ಕೊಂಡೇ ಬರೋ ರೋಗ ಇದೆ. ನಿನ್ನ ಸೊಸೆಗೆ ಬಂದಿರೋದು ಅದೇ" ಎಂದೆ.

ಪುಟ್ಟತಾಯಮ್ಮ ನಂಬಲಿಲ್ಲ. ಮಂಜುಳ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತೆಯನ್ನು ರಕ್ತ ಪರೀಕ್ಷೆಯ ಚೀಟಿ ತರಲು ಹೊರಗೆ ಕಳಿಸಿದ ಮೇಲೆ ಅವಳು ಬಾಯಿಬಿಟ್ಟಳು. ಮನೆಯಲ್ಲಿ ಮಾತು ಆಗಿಹೋಗಿತ್ತಂತೆ. ವಾಸಿಯಾಗುವ ತನಕ ಕೆ.ಆರ್. ಪೇಟೆ ಕಡೆಯ ತವರಿನಲ್ಲಿ ಇರಲಿ ಎಂದು ಗಂಡನ ದೊಡ್ಡಪ್ಪ ಹೇಳಿದ್ದನಂತೆ. "ಒಂದ್ಸಲ ತೌರಿಗೆ ಬುಟ್ಟು ಬಂದ್ರೆ ತಿರ್ಗಾ ಕರ್ಕಳಕಿಲ್ಲ ಕಣ್ ಮೇಡಮ್ಮಾ. ನಂಗೊತ್ತು. ನನ್ ಕೈ ಸರಿ ಮಾಡ್ಕೊಡಿ" ಎಂದಳು. ಅಳಲಿಲ್ಲ. ಆ ಹುಡುಗಿಯ ಸಂಸಾರ ಅವಳ ಬೆರಳ ಗೆಣ್ಣುಗಳ ಮೇಲೆ ನಿಂತಿತ್ತು, ಆ ಗೆಣ್ಣುಗಳು ಆಗಲೇ ಊದಿದ್ದವು.

ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಗಂಡ ಮಹದೇವನನ್ನೂ ಕರೆಸಿ ತೂಬಿನ ಕಥೆ ಹೇಳಿದೆ. ಔಷಧಿ ಹಿಡಿಯಲು ಕೆಲವು ವಾರ ಬೇಕು, ತವರಿಗೆ ಕಳಿಸಿದರೆ ನನ್ನ ಕಣ್ಣ ಮುಂದೆ ಇರುವುದಿಲ್ಲ, ಅಲ್ಲಿಯ ತನಕ ಯಾರೂ ಪಂಚಾಯ್ತಿ ಮಾಡಕೂಡದು ಎಂದು ಗದರಿದೆ. ಇನ್ನೊಂದು ಆಜ್ಞೆಯನ್ನೂ ಹಾಕಿದೆ. ಬೆಳಗಿನ ಹಾಲು ಅತ್ತೆ ಕರೆಯಬೇಕು, ಸಂಜೆಯ ಹಾಲು ಸೊಸೆ. ಪುಟ್ಟತಾಯಮ್ಮ ಮೂಗು ಮುರಿದರೂ ಒಪ್ಪಿದಳು. ಮಾತ್ರೆ ಸಂತೆ ದಿನ ಎಂದು ಹೇಳಿ, ಓಡಾಟ ತಪ್ಪಲಿ ಎಂದು ಕೆಲವು ತಿಂಗಳಿನದನ್ನು ಒಟ್ಟಿಗೇ ಕೊಟ್ಟು ಕಳಿಸಿದೆವು. ಒಂದು ತಿಂಗಳಿಗೆ ಬಂದು ರಕ್ತ ತೋರಿಸಬೇಕೆಂದೂ ಹೇಳಿದ್ದೆವು.

ತಿಂಗಳು ತುಂಬುವ ಮೊದಲೇ ಅವರು ಬಂದರು. ಮಹದೇವ ಹೆಂಡತಿಯನ್ನು ತೋಳಲ್ಲಿ ಹಿಡಿದುಕೊಂಡೇ ಆಟೋದಿಂದ ಇಳಿಸಿದ. ಜ್ವರ. ಬಾಯಿ ತುಂಬ ಹುಣ್ಣು, ಮುದ್ದೆ ಇರಲಿ, ಗಂಜಿ ನುಂಗಲೂ ಆಗುತ್ತಿಲ್ಲ. ಇದು ಆ ಮಾತ್ರೆ ಹೆಚ್ಚಾದರೆ ಬರುವ ಹುಣ್ಣು.

"ಮಾತ್ರೆ ದಿನಾ ನುಂಗಿದ್ಯಾ?" ಎಂದೆ. ಮಂಜುಳ ಇಲ್ಲವೆಂದು ತಲೆ ಆಡಿಸಿದಳು.

ಪುಟ್ಟತಾಯಮ್ಮ ಮುಂದೆ ಬಂದಳು. "ದಿನಾ ಯಾಕ್ ಕೊಡಾನ? ನೀವು ಯೋಳ್ದಂಗೇ ಸಂತೆ ದಿನ ನಾನೇ ಕೈಯಾರ ಕೊಡದು. ಮಂಕ್ರಿ ಇಳ್ಸಿ, ಕೈ ತೊಳ್ಕಂಡು, ಮದ್ಲು ಅವಳ್ಗೆ ಗುಳ್ಗೆ, ಆಮ್ಯಾಕೆ ನಂಗೆ ನೀರು. ಪಟ್ಣದ ಸಂತೆ ದಿನ ಕೊಟ್ಟಿವ್ನಿ, ಬನ್ನೂರ ಸಂತೆ ದಿನ ಕೊಟ್ಟಿವ್ನಿ, ಪಾಂಡಪುರದ ಸಂತೆ ದಿನ ಕೊಟ್ಟಿವ್ನಿ. ಒಂದ್ ಸಂತೇನೂ ತಪ್ಸಿಲ್ಲ ಕಣವ್ವ."

ನಾಗಮಂಗಲದ ಹಳ್ಳಿಯವನಿಗೆ ವಾರಕ್ಕೆ ಒಂದೇ ಸಂತೆ. ಸಂತೆಯಿಂದ ಸಂತೆಗೆ ಮಂಕರಿ ಹೊರುವ ಹೆಂಗಸಿಗೆ ವಾರದಲ್ಲಿ ಎಷ್ಟು ಸಂತೆ ಎಂದು ನಾವು ಯಾರೂ ಯೋಚಿಸಿರಲಿಲ್ಲ. ನಾಟಕ ಎಂದು ಬೈದಿದ್ದ ಅತ್ತೆ, ಒಮ್ಮೆ ರೋಗ ನಿಜವೆಂದು ಒಪ್ಪಿದ ಮೇಲೆ, ಬಲು ನಿಷ್ಠೆಯಿಂದ ಸೊಸೆಗೆ ಮೂರರಷ್ಟು ಔಷಧಿ ಕೊಟ್ಟಿದ್ದಳು.

ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳು ತೀರಾ ಇಳಿದಿದ್ದವು. ನಮ್ಮ ಆಸ್ಪತ್ರೆಯಲ್ಲೇ ಸೇರಿಸಿಕೊಂಡು ಆ ಮಾತ್ರೆ ನಿಲ್ಲಿಸಿದೆವು. ಅದರ ವಿಷ ಇಳಿಸುವ ಫೋಲಿನಿಕ್ ಆಸಿಡ್ ಇಂಜೆಕ್ಷನ್ನನ್ನು ಮೈಸೂರಿನಿಂದ ತರಿಸಿದೆವು, ಸೋಂಕು ಏರದಂತೆ ಔಷಧಿ ಕೊಟ್ಟೆವು. ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ. "ಹುಡುಗೀನ ಉಳಿಸ್ಕೋ ಕಣಮ್ಮ, ಉಪಾಯ ಆಮೇಲೆ ರಿಪೇರಿ ಮಾಡೋಣ" ಎಂದರು. ಬಿಳಿ ಕಣಗಳು ಮತ್ತೆ ಏರಲು ಶುರುವಾದ ಬೆಳಿಗ್ಗೆ ನಾನು ಲ್ಯಾಬಿನಲ್ಲಿ ನಿಂತು ದೇವರಿಗೆ ಕೈ ಮುಗಿದೆ. ಹುಣ್ಣು ವಾಸಿಯಾಯಿತು, ಅವಳು ಮಜ್ಜಿಗೆ ಅನ್ನ ಉಂಡಳು.

ಜೀವ ಉಳಿಯಿತು, ಆದರೆ ಕೈ ಮತ್ತು ಮನೆ ಎರಡೂ ಹೋಗುವ ಹಾಗಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಗೆಣ್ಣುಗಳು ಮತ್ತೆ ಊದತೊಡಗಿದವು. ಬಿಡುಗಡೆಯ ದಿನ ಮಹದೇವನ ದೊಡ್ಡಪ್ಪ ವಾರ್ಡಿಗೇ ಬಂದ. ಬಿಳಿ ಪಂಚೆಯ ಹಿರಿಯ, ಮನೆಯಲ್ಲಿ ಅವನ ಮಾತೇ ಕೊನೆ. "ಈ ಇಂಗ್ಲೀಸ್ ಮದ್ದಿನ ಸಾವಾಸ ಸಾಕು. ಎಣ್ಣು ಸಾಯ್ತಿತ್ತು. ಗುಳ್ಗೆ ಬ್ಯಾಡ, ಆಸ್ಪತ್ರೆ ಬ್ಯಾಡ. ಸೀದಾ ತೌರಿಗೆ ಬುಟ್ ಬಂದ್ಬುಡ್ಲಾ ಮಾದೇವ" ಎಂದ. ಮಹದೇವ ನೆಲ ನೋಡುತ್ತ ನಿಂತ.

ನಾನು ಮಾತಾಡಿದೆ. ಔಷಧಿ ತಪ್ಪಲ್ಲ, ಪ್ರಮಾಣ ತಪ್ಪಿತು. ಸ್ವಲ್ಪ ಕಡಿಮೆಯಿಂದ ಮತ್ತೆ ಶುರುಮಾಡಿ, ಪದೇ ಪದೇ ರಕ್ತ ನೋಡುತ್ತೇನೆ. ಈಗ ಬಿಟ್ಟರೆ ಒಂದೆರಡು ವರ್ಷದಲ್ಲಿ ಮೂಳೆ ಸವೆದು ಬೆರಳು ತಿರುಚಿಕೊಳ್ಳುತ್ತವೆ. ಅವನು ಕೇಳಲಿಲ್ಲ. ಕೇಳಬೇಕಾದರೂ ಯಾಕೆ? ನಮ್ಮ ಮಾತ್ರೆ ನುಂಗಿ ಅವಳು ಮಲಗಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಹೊತ್ತು ನನ್ನ ಓದು, ನನ್ನ ಹೆಸರು ಯಾವುದೂ ಕೆಲಸಕ್ಕೆ ಬರಲಿಲ್ಲ.

ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದ ಪುಟ್ಟತಾಯಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಭಾವನ ಎದುರು ಆಕೆ ದನಿ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ ಎಂದು ಮಹದೇವ ಆಮೇಲೆ ಹೇಳಿದ. ಸೆರಗು ತಲೆಗೆ ಎಳೆದುಕೊಂಡು, ಗೋಡೆಯ ಕಡೆ ನೋಡುತ್ತಲೇ ಅಂದಳು.

"ಅವಳ ತೆಪ್ಪೇನದೆ? ಡಾಕ್ಟ್ರಮ್ಮ ಬರ್ದ್ರು, ಕೊಟ್ಟ ಕೈ ನಂದು. ವತ್ತಾರೆ ನಾನು ಕರ್ಯಕೆ ಕುಂತ್ಮೇಲೇ ಗೊತ್ತಾಗಿದ್ದು ನಂಗೆ, ಈ ಎಣ್ಣು ಆ ನೋವಲ್ಲೇ ಎಷ್ಟ್ ದಿನ ಕರ್ದವಳೆ ಅಂತ. ತೌರಿಗೆ ಕಳ್ಸದಾದ್ರೆ ನನ್ನ ಕಳ್ಸಿ. ನಮ್ಮಣ್ಣ ಇನ್ನೂ ಬದ್ಕವ್ನೆ, ಒಂದ್ ತುತ್ತು ಹಾಕ್ತನೆ. ಅವಳು ಇಲ್ಲೇ ಇರ್ತಳೆ."

ಪಕ್ಕದ ಮಂಚದ ಮುದುಕಿಯೊಬ್ಬಳು "ಕಳ್ಸಪ್ಪಾ ಕಳ್ಸು, ನೋಡಾನ" ಎಂದುಬಿಟ್ಟಳು. ದೊಡ್ಡಪ್ಪ ಪಂಚೆ ಕೊಡವಿಕೊಂಡು, "ಏನಾರಾ ಮಾಡ್ಕಂಡ್ ಸಾಯ್ರಿ" ಎಂದು ಹೊರಗೆ ಹೋದ. ನಮ್ಮ ಕಡೆ ಅದಕ್ಕೆ ಒಪ್ಪಿಗೆ ಎಂದೇ ಅರ್ಥ. ನಾನು ಪುಟ್ಟತಾಯಮ್ಮನನ್ನು ಕೂರಿಸಿ, ವಾರಕ್ಕೆ ಒಂದೇ ದಿನ, ಅದೂ ಗೊತ್ತಾದ ದಿನ ಎಂದು ಬಿಡಿಸಿ ಹೇಳಿ ಕೇಳಿದೆ. "ಇನ್ನು ಮೇಲೆ ಗುಳಿಗೆ ಯಾವತ್ತು?"

"ಶನಿವಾರ ಕಣವ್ವ. ಸಂತೆ ನಡೀಲಿ ಬುಡ್ಲಿ, ಶನಿವಾರ."

ಅವತ್ತಿನಿಂದ ನಮ್ಮ ಎಲ್ಲ ಕ್ಲಿನಿಕ್ಕುಗಳಲ್ಲೂ ಸಂತೆಯ ಉಪಾಯ ಹೋಯಿತು. ವಾರದ ಹೆಸರು ಹೇಳಿ ಕೊಡುವುದು, ಅದನ್ನು ರೋಗಿಯ ಬಾಯಿಂದಲೂ ಮನೆಯಲ್ಲಿ ಮಾತ್ರೆ ಕೊಡುವವರ ಬಾಯಿಂದಲೂ ತಿರುಗಿ ಹೇಳಿಸುವುದು, ಒಂದು ತಿಂಗಳಿಗಿಂತ ಹೆಚ್ಚು ಮಾತ್ರೆ ಕೈಗೆ ಕೊಡದಿರುವುದು. ಮಕ್ಕಳಾಗುವ ವಯಸ್ಸಿನವರಿಗೆ ಇನ್ನೊಂದು ಎಚ್ಚರಿಕೆ. ಮಗು ಬೇಕೆನಿಸಿದರೆ ಮೊದಲು ನಮ್ಮನ್ನು ಕೇಳಬೇಕು, ಈ ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಆಗದು. ಮಂಜುಳ ಹಾಗೆಯೇ ಕೇಳಿಕೊಂಡು ಬಂದಳು. ತಿಂಗಳುಗಳ ಮೊದಲೇ ಔಷಧಿ ಬದಲಾಯಿಸಿದೆವು. ಹೆರಿಗೆಯಾದ ಮೇಲೆ ಉರಿಯೂತ ಮತ್ತೆ ತಲೆ ಎತ್ತಬಹುದೆಂದು ಹೇಳಿದ್ದೆ, ಎತ್ತಿತು, ತಡೆದೆವು. ಬಾಣಂತನಕ್ಕೆ ಅವಳು ತವರಿಗೆ ಹೋದಳು, ತಿರುಗಿ ಕರೆತಂದವಳು ಅತ್ತೆಯೇ.

ನಾನು ನಿವೃತ್ತಳಾಗುವ ಸ್ವಲ್ಪ ಮೊದಲು ಹೊಸ ಡಾಕ್ಟರುಗಳ ತಂಡವೊಂದು ಕೀಲುರೋಗ ಕಲಿಯಲು ನಮ್ಮಲ್ಲಿಗೆ ಬಂದಿತ್ತು. ಅವರಿಗೆ ತೋರಿಸಲೆಂದು ತಪಾಸಣೆಗೆ ಬಂದಿದ್ದ ಮಂಜುಳಳನ್ನು ಕೂರಿಸಿದೆ. ಏನೂ ಹೇಳದೆ, ಕೈ ನೋಡಿ ರೋಗ ಹೇಳಿ ಎಂದೆ. ಒಬ್ಬೊಬ್ಬರಾಗಿ ಬಂದು ಬೆರಳು ಮಡಚಿಸಿದರು, ಬಿಡಿಸಿದರು, ಗೆಣ್ಣು ಒತ್ತಿದರು, ಮಣಿಕಟ್ಟು ತಿರುಗಿಸಿದರು. ಅವಳು ನಗು ತಡೆದುಕೊಂಡು ಕುಳಿತಿದ್ದಳು. ಕೊನೆಗೆ ಅವರಲ್ಲಿ ಜಾಣೆಯಂತಿದ್ದ ಹುಡುಗಿ ಸಂಕೋಚದಿಂದ ನನ್ನ ಕಡೆ ತಿರುಗಿದಳು.

"ಸಾರಿ ಮೇಡಂ, ನಮಗೆ ಏನೂ ಕಾಣ್ತಿಲ್ಲ. ಈ ಕೈ ಪೂರ್ತಿ ನಾರ್ಮಲ್ ಇದೆ."

"ಕಾಣಬಾರದು ಅಂತಲೇ ಇಷ್ಟು ವರ್ಷ ಕೆಲಸ ಮಾಡಿದ್ದು" ಎಂದೆ.